ಎರಡು ಹಾಡಿನ ನಡುವಿನ ಕಾಫಿ

ಸರೋವರದಂಚಿನ ನೃತ್ಯಮಂಟಪದಲ್ಲಿ ಎನ್ಸಿಯೊ ನಲವತ್ತು ಬೇಸಿಗೆ ಅಕಾರ್ಡಿಯನ್ ನುಡಿಸಿದ್ದ. ಜೊತೆಗಾರರಲ್ಲಿ ಇಬ್ಬರು ತೀರಿಕೊಂಡರು, ಒಬ್ಬನ ಕಿವಿ ಹೋಯಿತು. ಈಗ ಪಿಟೀಲು, ಬಾಸು, ಡ್ರಮ್ಮು ಮೂರೂ ಲ್ಯಾಪ್‌ಟಾಪಿನೊಳಗೆ. ಹಾಡಿನ ನಡೆ ಬರೆದುಕೊಟ್ಟರೆ ಸಾಫ್ಟ್‌ವೇರು ತಾನೇ ಪಕ್ಕವಾದ್ಯ ನುಡಿಸುತ್ತಿತ್ತು. ಅದರಲ್ಲಿ ಜೀವ ಮಾತ್ರ ಇರಲಿಲ್ಲ.

ಮಂಟಪದ ಸಮಿತಿಯ ಸಿಲ್ವಿ ಹೋದ ಭಾನುವಾರ ಮುಖಕ್ಕೇ ಹೇಳಿದ್ದಳು. "ನಿನ್ನ ಪಿಟೀಲು ನಮ್ಮನೆ ಫ್ರಿಜ್ಜಿನ ಹಾಗೆ ಗುಂಯ್ ಅನ್ನತ್ತೆ ಕಣಯ್ಯ. ಜನಕ್ಕೆ ನಿಜವಾದ ಮೇಳ ಬೇಕು. ಬರೋ ವಾರವೂ ಹೀಗೇ ಆದ್ರೆ ಬೇರೆಯವರನ್ನ ಕರೀತೀವಿ."

ಎನ್ಸಿಯೊಗೆ ಭಾನುವಾರವೆಂದರೆ ಬೆಳಗ್ಗೆ ಚರ್ಚು, ಮಧ್ಯಾಹ್ನ ಮಂಟಪ. ಒಂದು ತಪ್ಪಿದರೂ ವಾರವೆಲ್ಲ ಕುಂಟುತ್ತಿತ್ತು.

ವಾರವಿಡೀ ಅವನು ಸಾಫ್ಟ್‌ವೇರಿನ ಹೊಟ್ಟೆ ಬಗೆದ. ಹೊಸ ಧ್ವನಿಗಳನ್ನು ತುಂಬಿದ. ಡ್ರಮ್ಮಿನ ಪೆಟ್ಟುಗಳು ಒಂದೇ ತೂಕದಲ್ಲಿ ಬೀಳದಂತೆ ನೋಡಿಕೊಂಡ, ಬಾಸನ್ನು ಕೂದಲೆಳೆಯಷ್ಟು ತಡಮಾಡಿದ, ಪಿಟೀಲಿನ ಕಮಾನು ತಿರುಗುವಾಗಿನ ಕಿರುಗೀಚನ್ನೂ ಸೇರಿಸಿದ. ಕೊನೆಗೆ 'ನೈಜತೆ' ಎಂಬ ಗುಂಡಿಯನ್ನು ತಿರುಗುವಷ್ಟೂ ತಿರುಗಿಸಿದ. ಒಳಗೆ ಬಾಸಿನವನು ಮೆಲ್ಲಗೆ ಕೆಮ್ಮಿದ. ಎನ್ಸಿಯೊನ ಕಣ್ಣು ತುಂಬಿ ಬಂತು.

ಭಾನುವಾರ ಟ್ಯಾಂಗೊ ಉಸಿರಾಡಿತು. ಸಿಲ್ವಿಯೂ ಊರಿನ ಪಶುವೈದ್ಯರ ಕೈಹಿಡಿದು ಕುಣಿಯಲಿಳಿದಳು. ಸರಿಯಾಗಿ ಎರಡು ಗಂಟೆಗೆ, ಜೋಡಿಹಾಡುಗಳಲ್ಲಿ ಮೊದಲನೆಯದು ಮುಗಿದದ್ದೇ, ಸ್ಪೀಕರಿನಲ್ಲಿ ಕುರ್ಚಿಗಳು ಸರಿದ ಸದ್ದಾಯಿತು. ಹೆಜ್ಜೆಗಳು ದೂರವಾದವು. ಕಪ್ಪುಗಳು ಕಿಣಿಕಿಣಿ ಎಂದವು. ಯಾರೋ ಏಲಕ್ಕಿ ಬನ್ನು ಇತ್ತ ಕೊಡಿ ಎಂದ. ಪಿಟೀಲಿನವನು ಈ ವರ್ಷದ ಸೊಳ್ಳೆಗಳ ಬಗ್ಗೆ ದೂರತೊಡಗಿದ. ಪರದೆಯ ಮೇಲೆ ಬರಹ ಮೂಡಿತು: ವಿರಾಮ, ಹದಿನೈದು ನಿಮಿಷ.

ಮಂಟಪದ ರೀತಿ ಎಲ್ಲರಿಗೂ ಗೊತ್ತು. ಒಬ್ಬಳನ್ನು ಕುಣಿಯಲು ಕರೆತಂದರೆ ಎರಡು ಹಾಡು, ಆಮೇಲೆ ಅವಳನ್ನು ಬೆಂಚಿನವರೆಗೆ ಬಿಟ್ಟುಬರಬೇಕು. ಒಂದಕ್ಕೇ ಕೈಬಿಟ್ಟರೆ ಊರಿನ ಮುಂದೆ ಅವಮಾನ. ಹಾಗಾಗಿ ಮೂವತ್ತು ಜೋಡಿಗಳೂ ಕೈಹಿಡಿದು ನಿಂತಲ್ಲೇ ನಿಂತವು.

ಲ್ಯಾಪ್‌ಟಾಪಿನ ಕೀಲಿಯೊಂದನ್ನು ಒತ್ತಿದ್ದರೆ ಮೂವರೂ ಓಡಿ ಬರುತ್ತಿದ್ದರು. ಎನ್ಸಿಯೊನ ಬೆರಳು ಅಲ್ಲಿಯವರೆಗೂ ಹೋಗಿ ನಿಂತಿತು. ಕಾಫಿಗೆ ಕೂತವರನ್ನು ಅವನು ಜೀವಮಾನದಲ್ಲಿ ಎಬ್ಬಿಸಿರಲಿಲ್ಲ. ಸಿಲ್ವಿ ಪಶುವೈದ್ಯರ ಭುಜದ ಮೇಲಿಂದ ಗಡಿಯಾರವನ್ನೇ ನೋಡುತ್ತಿದ್ದಳು. ಇಲ್ಲಿಗೆ ಮುಗಿಯಿತು ಎಂದುಕೊಂಡು ಅವನು ಬೆರಳನ್ನು ಹಿಂದಕ್ಕೆಳೆದುಕೊಂಡ.

"ಕುಡೀಲಿ ಬಿಡು, ಪಾಪ, ಆಗಿಂದ ನುಡಿಸ್ತಿದಾರೆ," ಎಂದ ಗುಂಪಿನಲ್ಲೊಬ್ಬ ಮುದುಕ. ಹೌದೆಂದು ತಲೆಗಳಾಡಿದವು.

ಹದಿನೈದನೆಯ ನಿಮಿಷಕ್ಕೆ ಕುರ್ಚಿಗಳು ಮತ್ತೆ ಸರಿದವು. ಡ್ರಮ್ಮಿನವನು ಬಾಯಲ್ಲಿ ಬನ್ನಿಟ್ಟುಕೊಂಡೇ ನಾಲ್ಕು ಎಣಿಸಿದ. ಎರಡನೆಯ ಹಾಡು ನಡೆಯಿತು, ಹೆಂಗಸರು ಬೆಂಚು ಸೇರಿದರು, ಸಿಲ್ವಿ ನೆಟ್ಟಗೆ ವೇದಿಕೆಗೆ ಬಂದಳು.

"ಮುಂದಿನ ಬೇಸಿಗೆಗೂ ನೀನೇ," ಎಂದಳು. ಮುಖ ಮಾತ್ರ ಗಂಟಿಕ್ಕಿಕೊಂಡೇ ಇತ್ತು. "ಆದ್ರೆ ಒಂದು ಮಾತು, ಎನ್ಸಿಯೊ. ನಿನ್ನ ಕಡೆಯವರು ಕಾಫೀನ ಮನೆಯಿಂದ ತಂದ್ಕೊಂಡಿದಾರಲ್ಲ, ಸಮಿತಿ ಕಾಫಿ ಅಷ್ಟು ಕೆಟ್ಟದಾ?"

ಎನ್ಸಿಯೊ ತಪ್ಪಾಯಿತೆಂದ. ಅವಳು ಕೌಂಟರಿಗೆ ಹೋಗಿ ಮೂರು ಕಪ್ಪು ತುಂಬಿಸಿ ತಂದು ಸ್ಪೀಕರಿನ ಮುಂದೆ ಸಾಲಾಗಿ ಇಟ್ಟಳು. ಹಾಲಿನ ಜಗ್ಗು ಬಗ್ಗಿಸುವಾಗ ಎನ್ಸಿಯೊ ಕೈ ಅಡ್ಡ ಹಿಡಿದ.

"ಬಾಸಿನವನಿಗೆ ಬೇಡ," ಎಂದ. "ಅವನಿಗೆ ಕೆಮ್ಮಿದೆ."