ಪರವಾಗಿಲ್ಲಕ್ಕೆ ಎಷ್ಟು ಅಂಕ?

ಬೆಳಿಗ್ಗೆ ಏಳಕ್ಕೆ ಮಂಡಿ ಮೊಹಲ್ಲಾದಿಂದ ಮಂಡಕಳ್ಳಿಗೆ ಹೊರಡುವ ಸಿಬ್ಬಂದಿ ವ್ಯಾನಿನಲ್ಲಿ ಒಂದು ಕಟ್ಟುನಿಟ್ಟಾದ ಕಾನೂನಿತ್ತು. ದಿನಕ್ಕೊಬ್ಬರು, ಒಬ್ಬರಿಗೆ ಒಂದೇ ಹಾಡು. ಹಾಡು ಮುಗಿಯುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಮುಗಿದ ಮೇಲೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡದೆ ಇಳಿಯುವಂತಿಲ್ಲ. ಕಾನೂನು ಮಾಡಿದವಳು ವಾಣಿ, ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೊಡುವ ಹುಡುಗಿ. ಮೊಬೈಲಿನಲ್ಲಿ ಆಟೋದವನಿಗೂ ದೋಸೆಗೂ ನಕ್ಷತ್ರ ಒತ್ತುತ್ತಲೇ ಬೆಳೆದ ತಲೆಮಾರು. ಅಂಕ ಬರೆದಿಡಲು ನೂರು ಪುಟದ ನೋಟ್‌ಬುಕ್ಕನ್ನೂ ಇಟ್ಟಿದ್ದಳು.

ವ್ಯಾನಿನಲ್ಲಿದ್ದದ್ದು ಐದೇ ಜನ, ಐದು ಜನರ ಕಿವಿಯೂ ಐದು ದಿಕ್ಕಿಗೆ. ಓಡಿಸುವ ಕಾಳಯ್ಯನಿಗೆ ತತ್ವಪದ ಬಿಟ್ಟರೆ ಬೇರೆಯದು ಹಾಡೇ ಅಲ್ಲ. ಆದರೂ "ಗಾಡಿ ಒಳ್ಗೆ ಜಗಳ ಬ್ಯಾಡ" ಎಂದು ಎಲ್ಲದಕ್ಕೂ ಎಂಟು ಕೊಡುತ್ತಿದ್ದ. ಲಗೇಜು ತಪಾಸಣೆಯ ಪಂಕಜಾ ಗಜಲ್ ಎಂದರೆ ಊಟ ಬಿಡುವವರು. ಕಂಪ್ಯೂಟರ್ ನೋಡಿಕೊಳ್ಳುವ ವಿಶ್ರುತ್‌ನದು ರ‍್ಯಾಪ್. ವಾಣಿಯದು ಸಿನಿಮಾದ ಮೆಲೊಡಿ. ಐದನೆಯವರು ಕಚೇರಿಯ ರಾಮಸ್ವಾಮಿ. ಅಗ್ರಹಾರದವರು, ಅಜ್ಜ ಅರಮನೆಯಲ್ಲಿ ವಿದ್ವಾಂಸರಾಗಿದ್ದರಂತೆ. ಕರ್ನಾಟಕ ಸಂಗೀತ ಅವರಿಗೆ ಕಾಫಿಯಷ್ಟೇ ಅಗತ್ಯ.

ಈ ರಾಮಸ್ವಾಮಿಯವರು ಮಾತ್ರ ಕಾನೂನಿಗೆ ಬಗ್ಗಲಿಲ್ಲ.

"ಸಂಗೀತಕ್ಕೆ ಅಂಕ ಹಾಕೋಕೆ ಅದೇನು ಎಸ್ಸೆಸ್ಸೆಲ್ಸಿ ಪರೀಕ್ಷೆನೇನಮ್ಮ? ನಾನು ಬಾಯಲ್ಲಿ ಹೇಳ್ತೀನಿ, ನೀನೇ ಏನು ಬೇಕೋ ಹಾಕ್ಕೋ" ಎಂದುಬಿಟ್ಟರು.

ವಾಣಿ ತಾನೇ ಒಂದು ಸೂತ್ರ ಮಾಡಿಕೊಂಡಳು. 'ತುಂಬಾ ಚೆನ್ನಾಗಿದೆ' ಎಂದರೆ ಹತ್ತು, 'ಚೆನ್ನಾಗಿದೆ' ಎಂದರೆ ಎಂಟು, 'ಪರವಾಗಿಲ್ಲ' ಎಂದರೆ ಐದು. ವಿಶ್ರುತ್‌ನ ರ‍್ಯಾಪ್ ವ್ಯಾನಿನ ಗಾಜು ನಡುಗಿಸಿದ ದಿನ ರಾಮಸ್ವಾಮಿಯವರು ಕಿಟಕಿಯ ಕಡೆ ತಿರುಗಿ, "ತುಂಬಾ ಚೆನ್ನಾಗಿದೆ ಕಣಪ್ಪ, ತುಂಬಾ ಚೆನ್ನಾಗಿದೆ" ಎಂದರು. ಹತ್ತಕ್ಕೆ ಹತ್ತು! "ಸಾರ್ ಹಾರ್ಟಿಗೇ ಹೊಡೀತು ಕಣಕ್ಕ" ಎಂದು ವಿಶ್ರುತ್ ವಾರವಿಡೀ ಕಾಲರ್ ಎತ್ತಿಕೊಂಡು ಓಡಾಡಿದ. ಎಂಟು ತಿಂಗಳಲ್ಲಿ 'ಪರವಾಗಿಲ್ಲ' ಬಿದ್ದದ್ದು ಒಂದೇ ಸಲ, ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಮುದುಕನೊಬ್ಬ ತಂಬೂರಿ ಹಿಡಿದು ಹಾಡಿದ್ದನ್ನು ಕಾಳಯ್ಯ ಮೊಬೈಲಿನಲ್ಲಿ ಹಿಡಿದು ತಂದಿದ್ದಕ್ಕೆ. ಆವತ್ತು ಕಾಳಯ್ಯ ಸಂಜೆಯವರೆಗೂ ಹಲ್ಲು ಬಿಟ್ಟುಕೊಂಡೇ ಗಾಡಿ ಓಡಿಸಿದ. ಐದಕ್ಕೇ ಇಷ್ಟು ಖುಷಿಯೇ, ಪಾಪ, ಎಂದುಕೊಂಡಿದ್ದಳು ವಾಣಿ.

ಇಷ್ಟರಲ್ಲಿ ಅವಳ ಅಪ್ಪನಿಗೂ ಈ ಆಟದ ಸುದ್ದಿ ಹೋಗಿತ್ತು. ನಂಜಯ್ಯ ಮೂವತ್ತು ವರ್ಷ ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದಿದವನು. ಡಿಜೆ ಬಂತು, ಸೆಟ್ಟು ಚೆದುರಿತು. ಈಗ ಸಗಟು ಅಂಗಡಿಯೊಂದರ ಗೋಡೌನು ನೋಡಿಕೊಳ್ಳುತ್ತಾನೆ. ಆದರೆ ಸಂಜೆ ಏಳಕ್ಕೆ ತಾರಸಿಯ ಮೇಲೆ ಕ್ಲಾರಿನೆಟ್ ತಪ್ಪಿಸಿದವನಲ್ಲ. ಊದುವುದು ಮೆರವಣಿಗೆಯ ಹಾಡುಗಳನ್ನಲ್ಲ, ರಾಗಗಳನ್ನು. ಹುಡುಗನಾಗಿದ್ದಾಗ ಅಗ್ರಹಾರದ ಸಂಗೀತದ ಮೇಷ್ಟರೊಬ್ಬರ ಮನೆಯ ಕಿಟಕಿಯ ಕೆಳಗೆ ನಿಂತು, ಒಳಗೆ ಹೇಳಿಕೊಡುತ್ತಿದ್ದುದನ್ನು ಕೇಳಿ ಕೇಳಿ ಕಲಿತದ್ದು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ, ಇವನೂ ಕೇಳಿರಲಿಲ್ಲ.

"ಮೂವತ್ತು ವರ್ಸ ಕುಣಿಯೋರ ಮುಂದೆ ಊದ್ಬುಟ್ಟೆ ಕಣವ್ವ. ತಿಳ್ದೋರೊಬ್ರು ಕೇಳಿ ಎಂಗದೆ ಅಂತ ಒಂದ್ಮಾತು ಏಳಿದ್ರೆ ಸಾಕಾಗಿತ್ತು" ಎಂದ ಒಂದು ದಿನ.

ವಾಣಿ ಅಂದೇ ತಾರಸಿಯಲ್ಲಿ ಅಪ್ಪನ ಕಾಂಬೋಧಿ ರಾಗವನ್ನು ಮೊಬೈಲಿಗೆ ಹಿಡಿದಳು. "ಯಾರ್ದು ಅಂತ ಮಾತ್ರ ಏಳ್ಬ್ಯಾಡ" ಎಂದ ನಂಜಯ್ಯ. "ಮಗಳ ಮುಖ ನೋಡ್ಕೊಂಡು ಮಾರ್ಕ್ಸ್ ಕೊಡಬಾರ್ದು."

ಮರುದಿನ ಅವಳದೇ ಸರದಿ. ಬಂಡಿಪಾಳ್ಯ ದಾಟುವಾಗ ಕ್ಲಾರಿನೆಟ್ ಮೇಲಿನ ಸ್ಥಾಯಿಗೆ ಏರಿತು. ಕಾಳಯ್ಯ ತನಗೇ ಗೊತ್ತಿಲ್ಲದೆ ಗಾಡಿ ನಿಧಾನ ಮಾಡಿದ. ರಾಮಸ್ವಾಮಿಯವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ತೆರೆಯಲಿಲ್ಲ. ವಾಣಿ ಪೆನ್ನು ಹಿಡಿದು ಕಾದಳು.

"ಹ್ಞೂ… ಪರವಾಗಿಲ್ಲ" ಎಂದರು. "ಯಾರಮ್ಮ ಇದು?"

"ಗೊತ್ತಿಲ್ಲ ಸಾರ್. ಯಾರೋ ಕಳಿಸಿದ್ದು."

ಪಂಕಜಾ ಒಂಬತ್ತು ಕೊಟ್ಟರು, ವಿಶ್ರುತ್ "ಬೀಟ್ ಇಲ್ಲ" ಎಂದು ಏಳು, ಕಾಳಯ್ಯ ಎಂದಿನ ಎಂಟು. ವಾಣಿಗೆ ಅದ್ಯಾವುದೂ ಬೇಕಿರಲಿಲ್ಲ. ಎಂಟು ತಿಂಗಳಲ್ಲಿ ಆ ಮನುಷ್ಯನಿಂದ ಅತಿ ಕಡಿಮೆ ಪಡೆದದ್ದು ಆ ಬೆಟ್ಟದ ಮುದುಕ ಮತ್ತು ನನ್ನಪ್ಪ! ಪೆನ್ನು ಒತ್ತಿ ಐದು ಎಂದು ಬರೆದಳು.

ಸಂಜೆ ನಂಜಯ್ಯ ಬಾಗಿಲಲ್ಲೇ ಕಾಯುತ್ತಿದ್ದ. "ಸ್ವಾಮ್ಯೋರು ಎಷ್ಟು ಕೊಟ್ರು?"

ಸುಳ್ಳು ಹೇಳಬಹುದಿತ್ತು. ಅಪ್ಪ ಅಷ್ಟು ಆಸೆಯಿಂದ ನೋಡುವಾಗ ಸುಳ್ಳು ಬಾಯಿಗೆ ಬರಲಿಲ್ಲ. "ಐದು" ಎಂದಳು.

"ಅತ್ತಕ್ಕಾ?" ಎಂದ ನಂಜಯ್ಯ. "ಓಗ್ಲಿ ಬುಡು. ಕಿಟಕಿ ಕೆಳ್ಗೆ ಕಲ್ತ ಇದ್ಯೆಗೆ ಇನ್ನೆಷ್ಟು ಬತ್ತದೆ." ಕ್ಲಾರಿನೆಟ್ಟನ್ನು ಒರೆಸಿ, ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಅಟ್ಟದ ಮೇಲೆ ತಳ್ಳಿದ.

ಹತ್ತು ದಿನ ತಾರಸಿ ಸದ್ದಿಲ್ಲದೆ ಬಿದ್ದಿತ್ತು. ಕ್ಲಾರಿನೆಟ್ ಕೇಳಿಯೇ ಅನ್ನಕ್ಕಿಡುತ್ತಿದ್ದ ಪಕ್ಕದ ಮನೆಯವರು "ನಿಮ್ಮಪ್ಪಂಗೆ ಹುಷಾರಿಲ್ವೇನಮ್ಮ?" ಎಂದು ವಿಚಾರಿಸಿದರು. ಇರಲಾರದೆ ಇರುವೆ ಬಿಟ್ಟುಕೊಂಡವಳು ನಾನೇ, ನನಗ್ಯಾಕೆ ಬೇಕಿತ್ತು ಈ ಅಂಕದ ಉಸಾಬರಿ, ಎಂದು ವಾಣಿ ತನ್ನನ್ನೇ ಬೈದುಕೊಂಡಳು. ರಾಮಸ್ವಾಮಿಯವರನ್ನು ಕಂಡರಂತೂ ಮೈಯೆಲ್ಲ ಉರಿಯುತ್ತಿತ್ತು.

ಹನ್ನೊಂದನೆಯ ದಿನ ಅವರು ವ್ಯಾನಿಗೆ ಒಂದು ದೊಡ್ಡ ಡಬ್ಬಿ ತಂದರು. ಅವರ ಹೆಂಡತಿ ಅಲಮೇಲು ಮಾಡಿದ ಗೊಜ್ಜವಲಕ್ಕಿ. ಹುಣಸೆಹುಳಿ, ಬೆಲ್ಲ, ಕೊಬ್ಬರಿ ಹದವಾಗಿ ಬೆರೆತ ಅಂಥ ಗೊಜ್ಜವಲಕ್ಕಿಯನ್ನು ವಾಣಿ ಹುಟ್ಟಿದಾಗಿನಿಂದ ತಿಂದಿರಲಿಲ್ಲ. ಆದರೆ ಸಿಕ್ಕಿತಲ್ಲ ಸಂದರ್ಭ! ಇವರ ಮದ್ದನ್ನು ಇವರಿಗೇ ಕುಡಿಸಬೇಕು.

"ಹೇಗಿದೆಯಮ್ಮ?" ಎಂದರು ರಾಮಸ್ವಾಮಿ.

"ಪರವಾಗಿಲ್ಲ ಸಾರ್" ಎಂದಳು, ಮುಖ ಗಂಟಿಕ್ಕಿಕೊಂಡು.

ರಾಮಸ್ವಾಮಿಯವರ ಮುಖ ಊರಗಲವಾಯಿತು. ತಕ್ಷಣ ಫೋನ್ ತೆಗೆದರು. "ಅಲಮೇಲು, ಕೇಳಿದ್ಯಾ? ವಾಣಿ ಪರವಾಗಿಲ್ಲ ಅಂದ್ಲು ಕಣೇ! ಹ್ಞೂ, ಅವಳಾಗೇ ಅಂದ್ಲು!"

ಇದನ್ನು ನೋಡಿದ ವಿಶ್ರುತ್ ತಾನೇನು ಕಮ್ಮಿ ಎಂದು, "ಸಾರ್, ತುಂಬಾ ಚೆನ್ನಾಗಿದೆ!" ಎಂದ.

ಫೋನ್ ಕೆಳಗಿಳಿಯಿತು. "ಯಾಕಪ್ಪ? ಹುಳಿ ಜಾಸ್ತಿ ಆಯ್ತಾ?"

ವಾಣಿಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. "ಸಾರ್, ತುಂಬಾ ಚೆನ್ನಾಗಿದೆ ಅಂದ್ರೆ ತುಂಬಾ ಚೆನ್ನಾಗಿದೆ ಅಂತ ಅಲ್ವಾ?"

"ಅದು ಎದುರಿನವರಿಗೆ ಬೇಜಾರಾಗದೆ ಇರಲಿ ಅಂತ ಹೇಳೋ ಮಾತಮ್ಮ. ನಿಜವಾಗಿ ಚೆನ್ನಾಗಿದ್ರೆ ಅಷ್ಟುದ್ದ ಮಾತು ಎಲ್ಲಿ ಬರುತ್ತೆ?"

"ಅಷ್ಟೂ ಗೊತ್ತಿಲ್ವೇನವ್ವ?" ಎಂದ ಕಾಳಯ್ಯ ಮುಂದಿನಿಂದ. "ಮೈಸೂರ್ನೋಳಾಗಿ!" ವಿಶ್ರುತ್ ಕಾಲರ್ ಸರಿಮಾಡಿಕೊಂಡು ಕಿಟಕಿಯಾಚೆ ನೋಡತೊಡಗಿದ.

ವಾಣಿಗೆ ತಡೆಯಲಾಗಲಿಲ್ಲ. "ಸಾರ್, ಆವತ್ತಿನ ಕ್ಲಾರಿನೆಟ್ ನಮ್ಮಪ್ಪಂದು."

"ನಿಮ್ಮಪ್ಪನಾ!" ರಾಮಸ್ವಾಮಿಯವರು ಪೂರ್ತಿ ಅವಳ ಕಡೆ ತಿರುಗಿದರು. "ಯಾರ ಹತ್ರ ಕಲಿತರಮ್ಮ?"

"ಅಗ್ರಹಾರದಲ್ಲಿ ಮೇಷ್ಟರೊಬ್ರು ಹೇಳ್ಕೊಡ್ತಿದ್ರಂತೆ. ಅವರ ಕಿಟಕಿ ಕೆಳಗೆ ನಿಂತ್ಕೊಂಡು."

ಅವರು ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ಆಗ ಅಲ್ಲಿ ಪಾಠ ಹೇಳ್ತಿದ್ದ ಮೇಷ್ಟ್ರು ಒಬ್ರೇ ಕಣಮ್ಮ. ನಾನೂ ಅಲ್ಲೇ ಕಲಿತದ್ದು, ಆರು ವರ್ಷ. ಚಾಪೆ ಹಾಸಿ ಒಳಗೆ ಕೂರಿಸಿ ಹೇಳ್ಕೊಟ್ರು. ನನಗೆ ಬರಲಿಲ್ಲ ನೋಡು." ಮಂಡಕಳ್ಳಿಯಲ್ಲಿ ಇಳಿಯುವಾಗ, "ಭಾನುವಾರ ನಿಮ್ಮನೆಗೆ ಬರಬಹುದಾ, ಕೇಳಿ ಹೇಳು" ಎಂದರು.

ಸಂಜೆ ವಾಣಿ ಮನೆಗೆ ಬಂದಾಗ ನಂಜಯ್ಯ ಬೆಳ್ಳುಳ್ಳಿ ಸುಲಿಯುತ್ತಿದ್ದ. ಅವ್ವ ಬೋರಮ್ಮ ತವರಿಗೆ ಹೋಗಿದ್ದರಿಂದ ಅಡುಗೆ ಇವರಿಬ್ಬರದೇ.

"ಅಪ್ಪ, ಅವ್ರು ಐದು ಅನ್ನಲೇ ಇಲ್ಲ. ಐದು ನಾನು ಹಾಕಿದ್ದು."

"ಮತ್ತೇನಂದ್ರು?"

"ಪರವಾಗಿಲ್ಲ ಅಂದ್ರು."

ಬೆಳ್ಳುಳ್ಳಿ ಕೈಯಿಂದ ಜಾರಿತು. "ಎಂಗಂದ್ರು? ಅವ್ರು ಅಂದಂಗೇ ಅನ್ನು."

ವಾಣಿ ಕಣ್ಣು ಮುಚ್ಚಿ, ಸ್ವಲ್ಪ ತಡೆದು, "ಹ್ಞೂ… ಪರವಾಗಿಲ್ಲ" ಎಂದಳು.

"ಕಣ್ಣು ಮುಚ್ಚಿದ್ರಾ?"

"ಕನ್ನಡಕಾನೂ ತೆಗೆದಿದ್ರು."

"ಥೂ ನಿನ್ನ! ಆ ಮಾತ್ನೇ ಆವತ್ತೇ ಏಳ್ಬಾರ್ದಾಗಿತ್ತಾ? ಅದೇನು ಮಾರ್ಕ್ಸೋ ಏನೋ, ಅತ್ತು ದಿನ ಸುಮ್ಕೆ ಕೂರಿಸ್ಬುಟ್ಯಲ್ಲ!" ಬೈಯುತ್ತಲೇ ಸ್ಟೂಲು ಹತ್ತಿದ. ಅಟ್ಟದಿಂದ ಪೆಟ್ಟಿಗೆ ಇಳಿಸುವಾಗ ಅವನ ಕಣ್ಣಲ್ಲಿ ನೀರಿದ್ದದ್ದು ವಾಣಿಗೆ ಕಂಡಿತು. ಅವಳಿಗೂ ಅಳು ಬಂತು, ನಗುವೂ ಬಂತು. ಭಾನುವಾರದ ಸುದ್ದಿ ಹೇಳಿದಾಗ ಅವನು ಸ್ಟೂಲಿನ ಮೇಲೇ ಕೂತುಬಿಟ್ಟ.

ಆ ಸಂಜೆ ಕ್ಲಾರಿನೆಟ್ ಒಂದು ಗಂಟೆಯ ಬದಲು ಎರಡು ಗಂಟೆ ನುಡಿಯಿತು. ಪಕ್ಕದ ಮನೆಯ ಕುಕ್ಕರ್ ಮೂರು ಸಲ ಕೂಗಿತು. ವಾಣಿ ಉಪ್ಪಿಟ್ಟು ಮಾಡಿ ತಾರಸಿಗೆ ತಂದಳು. ನಂಜಯ್ಯ ಒಂದು ತುತ್ತು ಬಾಯಿಗಿಟ್ಟ.

"ಹೇಗಿದೆ ಅಪ್ಪ?"

"ಬಾಳ ಚೆನ್ನಾಗದೆ ಕಣವ್ವ" ಎಂದ, ಪ್ರೀತಿಯಿಂದ.

ವಾಣಿ ಕೆಳಗಿಳಿದು ಉಪ್ಪಿನ ಡಬ್ಬಿ ತಂದಳು.