ಇನ್ನೂರಕ್ಕ ಒಂದು ಜೋಡಿ

ನಮ್ಮ ಬನಹಟ್ಟ್ಯಾಗ ಲಾಳಿ ಫುಟ್ಬಾಲ್ ಕ್ಲಬ್ ಅಂತ ಒಂದು ಐತ್ರಿ. ಮಗ್ಗದಾಗ ಲಾಳಿ ಹೆಂಗ ಆ ಕಡಿಂದ ಈ ಕಡಿಗೆ ಓಡ್ತೈತಿ, ಹಂಗ ನಮ್ಮ ಹುಡುಗರ ಕಾಲಾಗ ಚೆಂಡು ಓಡ್ತೈತಿ ಅಂತ ಆ ಹೆಸರು. ಮೂವತ್ತು ವರ್ಷ ಆತು, ಒಂದು ಆಟ ಬಿಟ್ಟಿಲ್ಲ ನಾ. ಒಮ್ಮೆ ನಮ್ಮ ಹುಡುಗ ಒಬ್ಬ ಒದ್ದ ಚೆಂಡು ತುಬಚಿ ತನಕ ಹಾರಿ ಕೃಷ್ಣಾ ಹೊಳ್ಯಾಗ ಬಿತ್ತು. ಅಲ್ಲಿ ನೀರೆತ್ತೋ ಪೈಪಿನಾಗ ಹೊಕ್ಕು, ಮರುದಿನ ಹುನ್ನೂರಾಗ ಒಬ್ಬರ ಕಬ್ಬಿನ ಹೊಲದಾಗ ಎದ್ದಿತ್ತು. ನಂಬದಿದ್ರ ಬಿಡ್ರಿ. ಚೆಂಡು ಈಗೂ ಕ್ಲಬ್ಬಿನಾಗ ಐತಿ. ಒಂದೀಟು ಸಿಹಿ ಆಗೈತಿ, ಅಷ್ಟ.

ಇಷ್ಟು ದಿನ ತಿಕೀಟ ಇಪ್ಪತ್ತು ರೂಪಾಯಿ. ಈ ವರ್ಷ ಧೋತರದ ಅಂಗಡಿ ಬಾಳಾಸಾಹೇಬ ಸಾವ್ಕಾರ್ರು ಅಧ್ಯಕ್ಷ ಆದ್ರು. ಜಮಖಂಡ್ಯಾವ್ರ ಜೋಡಿ ಫೈನಲ್ ಬಂತು. ಗೇಟಿಗೆ ಒಂದು ಬೋರ್ಡು ಬಂತು: 'ದರ ಇನ್ನೂರು ರೂಪಾಯಿ.'

ಓದಿ ನನಗ ಬಿಕ್ಕು ಹತ್ತಿತು. ಮನಿಗಿ ಬಂದು ಹೇಳಿದ್ರ ನಮ್ಮಾಕಿ ಭಾಗವ್ವ ಏನಂದ್ಲು ಗೊತ್ತೇನ್ರಿ?

"ಇನ್ನೂರು ಕೊಟ್ಟು ಒದಿಯೂದು ನೋಡಾಕ ಹೋಗ್ತೀರಿ? ಮನ್ಯಾಗ ಕುಂದರ್ರಿ. ನಾ ಪುಕ್ಕಟ ಒದಿತೇನಿ."

ಸಿಟ್ಟು ಬಂದು ಸೀದಾ ಸಾವ್ಕಾರ್ರ ಅಂಗಡಿಗೆ ಹ್ವಾದ್ನಿ. ಅಂಗಡಿ ತುಂಬ ಗಿರಾಕಿ. ಬಾಗಲದಾಗ ಅವರ ಆಳು ಪರಮೇಶ ನಿಂತಿದ್ದ. ಈ ಪರಮೇಶ ಎಂಥಾವ ಅಂದ್ರ, ಹಿಂದ ಒಮ್ಮೆ ಗೋದಾಮು ಕಾಯಿ ಅಂದಿದ್ರು. ಗೋದಾಮು ಕೆಡವಿ ಎರಡು ವರ್ಷ ಆದ್ರೂ ಬಾಗಲ ಇದ್ದ ಜಾಗಾದಾಗ ನಿಂತ ಇದ್ದ. ಫೈನಲ್ಲಿಗೆ ಗೇಟು ಕಾಯೂದೂ ಅವಂದ.

"ಸಾವ್ಕಾರ್ರ, ಇನ್ನೂರು ಅಂದ್ರ ಮಗ್ಗ ನಡಸಾವ್ರು ಹೆಂಗ ಬರಬೇಕ್ರಿ?" ಅಂದ್ನಿ.

"ಶಿವಯೋಗೆಪ್ಪಾ, ಕುರ್ಚಿ ತರ್ಸೇನಿ, ಪೆಂಡಾಲ ಹಾಕ್ಸೇನಿ, ಕೊಲ್ಲಾಪುರದಿಂದ ಆಟಗಾರನ್ನ ಕರ್ಸೇನಿ. ಪುಕ್ಕಟ ಬರ್ತಾವೇನು?"

"ಕುರ್ಚಿ ಯಾರು ಕೇಳ್ಯಾರ್ರಿ? ನಾವು ಕಟ್ಟಿ ಮ್ಯಾಲ ಕುಂದರಾವ್ರು. ನಾವು ಬರದಿದ್ರ ಚಪ್ಪಾಳಿ ಯಾರು ಹೊಡೀತಾರ, ನಿಮ್ಮ ಕುರ್ಚಿ ಹೊಡೀತಾವೇನು?"

"ಆಗದಿದ್ರ ಫೋನಿನಾಗ ನೋಡು ಹೋಗು."

ಗ್ವಾಡಿಗೆ ಮಾತಾಡಿದಂಗ ಆತು. ಅಷ್ಟರಾಗ ಬೀಳಗಿ ಕಡೆ ಗಿರಾಕಿ ಒಬ್ಬ ಧೋತರ ಹಿಡ್ಕೊಂಡು, "ಚೀಟಿ ಮ್ಯಾಲ ಆರುನೂರು ಐತಿ. ಒಂದಕ್ಕೇನ್ರಿ?" ಅಂದ.

ಸಾವ್ಕಾರ್ರು ನಕ್ರು. "ದರ ಅಂದ್ರ ಜೋಡಿ ದರ ತಮ್ಮಾ. ಎರಡು ಧೋತರ ಕೂಡೇ ನೇದಿರ್ತಾವು, ನಡುವ ಹರಿಯಂಗಿಲ್ಲ. ನಮ್ಮಪ್ಪನ ಕಾಲದಿಂದ ಈ ಬಾಯಾಗ ಒಂದರ ದರ ಬಂದಿಲ್ಲ."

ನಾ ಅಲ್ಲೇ ಹಿಡದ್ನಿ. "ಹಂಗಾರ ಸಾವ್ಕಾರ್ರ, ಗೇಟಿನ ಮ್ಯಾಗಿನ ದರಾನೂ ನೀವ ಬರಸಿದ್ದಲ್ಲ? ಅದೂ ಜೋಡಿ ದರ ಆತು. ಇನ್ನೂರಕ್ಕ ಇಬ್ಬರು!"

ಗಿರಾಕಿಗೊಳೆಲ್ಲ ಹೋ ಅಂತ ನಕ್ರು. ಮಂದಿ ಮುಂದ ಬಾಯಿಂದ ಹ್ವಾದ ಮಾತು, ನುಂಗಾಕ ಬರಂಗಿಲ್ಲ. ಸಾವ್ಕಾರ್ರ ಮಾರಿ ಕೆಂಪಾತು.

"ಆತು ಬಿಡು, ಜೋಡಿಗೆ ಇನ್ನೂರು. ಆದ್ರ ಜೋಡಿ ಹರಿಯಂಗಿಲ್ಲ! ಕೂಡಿ ಒಳಗ ಬರಬೇಕು, ಕೂಡಿ ಹೊರಗ ಹೋಗಬೇಕು. ಏ ಪರಮೇಶ, ಕೇಳಿದೇನು? ಒಂಟಿ ಯಾರ್ನೂ ಬಿಡಬ್ಯಾಡ. ನಾ ಬಂದ್ರೂ ಬಿಡಬ್ಯಾಡ!"

"ಹೂಂನ್ರಿ," ಅಂದ ಪರಮೇಶ.

ನೂರು ಅಂದ್ರೂ ಕಡಿಮಿ ಅಲ್ಲ. ಆದ್ರ ಅರ್ಧಕ್ಕ ಇಳಿಸಿದ್ನೆಲ್ಲ ಅಂತ ಎದಿ ಉಬ್ಬಿಸ್ಕೊಂಡು ಮನಿಗಿ ಬಂದ್ನಿ. ಜೋಡಿ ಯಾರ್ನ ಮಾಡೂದು? ಭಾಗವ್ವ ಒಲ್ಲೆ ಅಂದ್ಲು. ಗೆಳೆಯಾರಿಗೆಲ್ಲ ಆಗಲೇ ಜೋಡಿ ಆಗಿದ್ವು. ಕಡೀಕ ಸಿಕ್ಕಾವ್ರು ನಮ್ಮ ಬೀಗರು, ಜಮಖಂಡಿ ಗಿರಮಲ್ಲಪ್ಪ. ನನ್ನ ಮಗಳು ಮಧುಮತೀನ ಅವರ ಮನಿಗೇ ಕೊಟ್ಟೇನಿ. ಮನಶ್ಯಾ ಛಲೋ ಅದಾರ, ಆದ್ರ ಎದುರಿನ ತಂಡದಾವ್ರು. ಅದಕಿಂತ ದೊಡ್ಡ ತ್ರಾಸು ಅಂದ್ರ ಅವರಿಗೆ ಸಕ್ರಿ ಬ್ಯಾನಿ.

ಆಟ ಸುರು ಆಗಿ ಹತ್ತು ನಿಮಿಷ ಆಗಿಲ್ಲ, "ಬೀಗರ, ಒಂದೀಟು ಹೊರಗ ಹೋಗಿ ಬರೂಣ," ಅಂದ್ರು.

"ನೀವ ಹೋಗ್ರಿ."

"ಆ ಪರಮೇಶ ಒಬ್ಬನ್ನ ಬಿಡವಲ್ಲ!"

ಹ್ವಾದ್ವಿ. ಅವರು ಗಿಡದ ಹಿಂದ, ನಾ ಗಿಡದ ಮುಂದ. ಒಳಗ ಹೋ ಅಂತು ಮಂದಿ. ಓಡಿ ಬಂದು ಕೇಳಿದ್ರ ನಮ್ಮಾವ್ರು ಗೋಲು ಹೊಡದಿದ್ರು. ಮೂವತ್ತು ವರ್ಷ ಒಂದು ಗೋಲು ತಪ್ಪಿಸಿದಾವ ಅಲ್ಲ ನಾ!

ಮತ್ತ ಕಾಲು ತಾಸಿಗೆ, "ಬೀಗರ..." ಅಂದ್ರು. ಹ್ವಾದ್ವಿ. ಈ ಸಲ ಜಮಖಂಡ್ಯಾವ್ರು ಗೋಲು ಹೊಡದ್ರು. ಅದೂ ಇಬ್ಬರೂ ನೋಡ್ಲಿಲ್ಲ. ಹಿಂಗ ನಾಕು ಸಲ. ಗಿಡದ ಮುಂದ ನಿಂತೂ ನಿಂತೂ ಅದರ ಎಲಿ ಎಷ್ಟದಾವ ಅಂತ ನನಗ ಬಾಯಿಪಾಠ ಆತು.

ಐದನೇ ಸಲ ಹೊರಗ ಹ್ವಾದಾಗ ನಾ ತಡಕೊಳ್ಳಲಿಲ್ಲ. "ಏನ್ರಿ ಬೀಗರ, ಹೊಟ್ಟ್ಯಾಗ ಕೃಷ್ಣಾ ಹೊಳಿ ಇಟಗೊಂಡೀರೇನು?"

"ಹೆಣ್ಣು ಕೊಟ್ಟಾವ ನೀ, ನನಗ ಹಿಂಗ ಅಂತೀಯಾ?" ಅಂದಾವ್ರ ಸಿಟ್ಟಿಲೆ ಜಮಖಂಡಿ ಆಟೋ ಹತ್ತಿ ಹೋಗೇ ಬಿಟ್ರು.

ನಾ ಒಬ್ಬನ ಗೇಟಿಗೆ ಬಂದ್ನಿ. ಆಟ ಇನ್ನೂ ಒಂದಕ್ಕ ಒಂದು, ಉಳದದ್ದು ಏಳೆಂಟು ನಿಮಿಷ.

"ಪರಮೇಶ, ಬಿಡಪಾ."

"ಜೋಡಿ ಎಲ್ಲಿ?"

"ಹ್ವಾತಪಾ ಜಮಖಂಡಿಗೆ! ನಾ ರೊಕ್ಕಾ ಕೊಟ್ಟೇನಿ!"

"ಹರದ ಜೋಡಿ ನಡಿಯಂಗಿಲ್ಲ."

ತಲಿ ತಲಿ ಬಡಕೊಂಡ್ನಿ. ಅಷ್ಟರಾಗ ನನ್ನ ಹಿಂದ ಯಾರೋ ಗದರಿಸಿದ್ರು: "ಸರಿ ಪರಮೇಶ, ದಾರಿ ಬಿಡು."

ನೋಡಿದ್ರ ಬಾಳಾಸಾಹೇಬ ಸಾವ್ಕಾರ್ರು! ಬಿಳಿ ಧೋತರ, ಎದಿಗೆ ಅಧ್ಯಕ್ಷರ ಬಿಲ್ಲೆ. ಮುಖ್ಯ ಅತಿಥಿಗೆ ಅವಸರ ಇತ್ತಂತ, ಅವರನ್ನ ಕಾರಿನ ತನಕ ಬಿಡಾಕ ಬಂದಿದ್ರು. ಹೋಗೂಮುಂದ ಇಬ್ಬರು, ಬರೂಮುಂದ ಒಬ್ಬರು.

"ಜೋಡಿ ಎಲ್ಲಿ ಸಾವ್ಕಾರ್ರ?" ಅಂದ ಪರಮೇಶ.

"ಲೇ, ನಾ ಅಧ್ಯಕ್ಷ!"

"ನೀವ ಹೇಳೀರಲ್ರಿ, ನಾ ಬಂದ್ರೂ ಬಿಡಬ್ಯಾಡ ಅಂತ."

ಒಳಗ ಮಂದಿ ಕೂಗಾಕತ್ತಿತ್ತು. ಸಾವ್ಕಾರ್ರು ಒಂದು ಕಾಲು ಎತ್ತಿ, ಒಂದು ಕಾಲು ಇಟ್ಟು, ಗೇಟಿನ ಸಂದ್ಯಾಗ ಇಣಿಕಿ ನೋಡಾಕತ್ರು. ಆಮ್ಯಾಲ ನನ್ನ ಕಡೆ ಹೊಳ್ಳಿದ್ರು.

"ಶಿವಯೋಗೆಪ್ಪಾ, ಬಾ, ಇಬ್ಬರೂ ಕೂಡಿ ಹೋಗೂಣು."

ನನಗೂ ಒಳಗ ಹೋಗೂದಿತ್ರಿ. ಕಾಲು ತಾವ ಓಡಾಕತ್ತಿದ್ವು. ಆದ್ರೂ ಹಲ್ಲು ಕಚ್ಚಿ ನಿಂತ್ನಿ. "ತಿಕೀಟ ಮೊದಲಿನಂಗ ಇಪ್ಪತ್ತು ಮಾಡ್ರಿ. ಒಬ್ಬಾವಂಗ ಇಪ್ಪತ್ತು. ಮೈಕಿನಾಗ ಹೇಳ್ರಿ. ಅಂದ್ರ ಬರ್ತೇನಿ."

"ಆಟ ಮುಗಿದ ಮ್ಯಾಲ ಹೇಳ್ತೇನಿ."

"ಹಂಗಾರ ಆಟ ಮುಗಿದ ಮ್ಯಾಲ ಒಳಗ ಹೋಗೂಣು."

ಸಾವ್ಕಾರ್ರು ಗೇಟು ನೋಡಿದ್ರು, ಪರಮೇಶನ್ನ ನೋಡಿದ್ರು. "ಆತು, ನಡಿ ಮಾರಾಯಾ!"

ಒಳಗ ಓಡಿದ್ವಿ. ಮೈಕು ಪೆಂಡಾಲದ ಹಿಂದಿನ ಮೂಲ್ಯಾಗ ಇತ್ತು. ಅಲ್ಲಿಂದ ಕಾಣೂದು ಕುರ್ಚಿಗೊಳ ಬೆನ್ನು ಅಷ್ಟ. ಅದರಾಗ ಅರ್ಧ ಕುರ್ಚಿ ಖಾಲಿ. ಸಾವ್ಕಾರ್ರು ಮೈಕು ಹಿಡದು, "ಮುಂದಿನ ಆಟದಿಂದ ತಿಕೀಟ ಒಬ್ಬಾವಂಗ ಇಪ್ಪತ್ತು ರೂಪಾಯಿ," ಅನ್ನೂದಕ್ಕ ಮಂದಿ ಹೋ ಅಂತ ಎದ್ದು ಕುಣೀತು. ನನ್ನ ಕಣ್ಣಾಗ ನೀರ ಬಂತು. ಇಪ್ಪತ್ತು ರೂಪಾಯಿ ಅಂದ್ರ ಮಂದಿಗೆ ಎಷ್ಟು ಖುಷಿ ನೋಡು ಅಂತ ಅಂದ್ಕೊಂಡ್ನಿ.

ಖರೇ ಅಂದ್ರ ನಮ್ಮ ಹುಡುಗರು ಎರಡನೇ ಗೋಲು ಹೊಡದಿದ್ರು. ಸಾವ್ಕಾರ್ರ ಮಾತು ಒಬ್ಬರಿಗೂ ಕೇಳಿಸಿರಲಿಲ್ಲ.

ಅದು ಗೊತ್ತಾಗಿ ಸಾವ್ಕಾರ್ರು ಮೈಕು ಮೆಲ್ಲಕ ಕೆಳಗ ಇಟ್ರು. "ನಾ ಅಂತೂ ಹೇಳೇನಿ," ಅಂತ ಹೊಂಟ್ರು.

ನಾ ಅವರ ಧೋತರದ ಚುಂಗು ಗಟ್ಟಿ ಹಿಡದ್ನಿ.

"ಇನ್ನೊಮ್ಮೆ ಹೇಳ್ರಿ ಸಾವ್ಕಾರ್ರ. ಜೋಡಿ ಹರಿಯಂಗಿಲ್ಲ."

ಎಳದ್ರ ಧೋತರ ಬರ್ತಿತ್ತು. ಇನ್ನೊಮ್ಮೆ ಹೇಳಿದ್ರು. ಈ ಸಲ ಎಲ್ಲಾರಿಗೂ ಕೇಳಿಸ್ತು.

ಮುಧೋಳದಾವ್ರ ಜೋಡಿ ಮೊನ್ನೆ ಆಟ ಆತಲ್ರಿ, ಇಪ್ಪತ್ತಕ್ಕ ನೋಡಿದ್ವಿ, ಕಟ್ಟಿ ಮ್ಯಾಲ ಕಾಲಿಡಾಕ ಜಾಗಾ ಇರಲಿಲ್ಲ. ಆ ಫೈನಲ್ಲಿನ ಮೂರು ಗೋಲಿನಾಗ ನಾ ಒಂದೂ ನೋಡ್ಲಿಲ್ಲ ಬಿಡ್ರಿ. ಆದ್ರ ಕುಂದರ್ರಿ, ಹೆಂಗ ಹೊಡದ್ರು ಹೇಳ್ತೇನಿ. ನೋಡಿದಾವ್ರಕಿಂತ ಛಲೋ ಹೇಳ್ತೇನಿ.