ಗಣಿಯಿಂದ ಬಂದವರಿಗೆ ಹೇಳುವ ಮಾತು

ಶನಿವಾರ ಸಮುದ್ರ ನೋಡಲು ಹೋಗುವುದೆಂದು ಒಂದೇ ಹಾಸ್ಟೆಲಿನ ನೆಹಿರ್, ಒತ್ತಾವಿಯಾ, ಇಕೆರ್ ಮೂವರೂ ವಾರವಿಡೀ ಮಾತಾಡಿಕೊಂಡಿದ್ದರು. ಬೆಲ್ಜಿಯಂನ ರೈಲಿನವರಿಗೆ ಸರಿಯಾಗಿ ಅದೇ ಶನಿವಾರ ಮುಷ್ಕರ ಹೂಡಬೇಕೆನ್ನಿಸಿತು. ಅವರಿಗೆ ಆಗಾಗ ಹಾಗೆ ಅನ್ನಿಸುತ್ತಿರುತ್ತದೆ. ಕೊನೆಗೆ ಸ್ಪೇನಿನ ಹುಡುಗ ಇಕೆರ್ ಫೋನಿನಲ್ಲಿ ಹುಡುಕಿ, ಬಸ್ಸಿನಲ್ಲೇ ಹೋಗಿಬರಬಹುದಾದ ಜಾಗವೊಂದನ್ನು ಕಂಡುಹಿಡಿದ. ಲಿಂಬರ್ಗ್ ಕಡೆಯ ಹಳೆಯ ಕಲ್ಲಿದ್ದಲ ಗಣಿ. ಅದನ್ನು ಮುಚ್ಚಿ ಮೂವತ್ತು ವರ್ಷದ ಮೇಲಾಗಿದೆ, ಈಗ ಮ್ಯೂಸಿಯಂ.

ಗಣಿ ಎಂದ ಕೂಡಲೇ ನೆಹಿರ್‌ಗೆ ಅದು ಬೇಡವೆನ್ನಿಸಿತು. ಬೇಡ ಎನ್ನಲು ಕಾರಣ ಹೇಳಬೇಕಿತ್ತು, ಇದ್ದ ಒಂದೇ ಕಾರಣ ಹೇಳುವಂಥದ್ದಲ್ಲ. ಅವಳು ಟರ್ಕಿಯ ಜೊಂಗುಲ್ದಾಕ್‌ನವಳು. ಆ ಊರಿನಲ್ಲಿ ಗಂಡು ಹುಟ್ಟಿದರೆ ಗಣಿಗೆ, ಇಲ್ಲವಾದರೆ ಊರು ಬಿಟ್ಟು ಹೊರಗೆ. ಅವಳ ಅಪ್ಪ ಇಪ್ಪತ್ತೊಂದು ವರ್ಷದಿಂದ ನೆಲದಡಿ ಕಲ್ಲಿದ್ದಲು ಕಡಿಯುತ್ತಿದ್ದಾನೆ. ಲೂವೆನ್‌ಗೆ ಓದಲು ಬಂದ ಮೊದಲ ವಾರವೇ ಅವಳು ಇವೆಲ್ಲವನ್ನೂ ಅಳಿಸಿ, ಊರು ಇಸ್ತಾಂಬುಲ್, ಅಪ್ಪ ವಕೀಲ ಎಂದುಬಿಟ್ಟಿದ್ದಳು. ಯಾರೂ ಬಲವಂತ ಮಾಡಿರಲಿಲ್ಲ. ಹಾಸ್ಟೆಲಿನ ಅಡುಗೆಮನೆಯಲ್ಲಿ ಇಲ್ಲಿನ ಹುಡುಗರು ಇಲ್ಲೇ ನೆಲೆಸಿದ ಟರ್ಕಿಯವರ ಬಗ್ಗೆ ಏನೋ ಹೇಳಿ ನಗುತ್ತಿದ್ದರು. ಆಗ ಮಿಲಾನಿನ ಒತ್ತಾವಿಯಾ ಅವಳತ್ತ ತಿರುಗಿ, ನಿನ್ನದು ಯಾವ ಊರು ಎಂದು ಕೇಳಿದಳು. ಬಾಯಿಗೆ ಬಂದದ್ದು ಇಸ್ತಾಂಬುಲ್.

ಆಮೇಲೊಂದು ದಿನ ಅದೇ ಒತ್ತಾವಿಯಾ, "ನೀನು ಇಲ್ಲಿನ ಟರ್ಕಿಯವರ ಥರ ಇಲ್ವೇ ಇಲ್ಲ ಬಿಡು" ಎಂದಿದ್ದಳು. ಹೊಗಳಿಕೆಯೆಂದೇ ಹೇಳಿದ್ದು. ನೆಹಿರ್ ಅದನ್ನು ಬಹುಮಾನದಂತೆ ಇಸಕೊಂಡಳು. ಇದರಲ್ಲಿ ಅವಳೊಬ್ಬಳದೇ ತಪ್ಪಿಲ್ಲ. ದುಡಿಯಲು ದೇಶ ಬಿಟ್ಟು ಹೋದವರು ಯಾವ ದೇಶಕ್ಕೇ ಹೋಗಿರಲಿ, ನಮ್ಮ ಟರ್ಕಿಯಲ್ಲಿ ಅವರೆಲ್ಲ 'ಜರ್ಮನಿಯವರು.' ಬೇಸಿಗೆಯಲ್ಲಿ ಕಾರು ತುಂಬ ಚಾಕಲೇಟು ಹೇರಿಕೊಂಡು ಬಂದಾಗ ತಿನ್ನುತ್ತೇವೆ, ಅವರು ಬೆನ್ನು ತಿರುಗಿಸಿದ ಮೇಲೆ ಅವರ ಬಟ್ಟೆಯನ್ನೂ ಕಲಸುಮೇಲೋಗರದ ಭಾಷೆಯನ್ನೂ ಆಡಿಕೊಳ್ಳುತ್ತೇವೆ. ಜುಟ್ಟಿಗೆ ಮಲ್ಲಿಗೆ ಮುಡಿದವರಿಗೆ ಹೊಟ್ಟೆಯ ಹಿಟ್ಟು ನೆನಪಿರುವುದಿಲ್ಲ.

ಮ್ಯೂಸಿಯಂನಲ್ಲಿ ತಲೆಗೊಂದು ಟೋಪಿ ಕೊಟ್ಟು ಕರೆದೊಯ್ಯಲು ಬಂದವನು ರಿಜಾ ಎಂಬ ಮುದುಕ. ಎಪ್ಪತ್ತಾರು ವರ್ಷ, ಕುಳ್ಳ, ಅಗಲ ಭುಜ. ಇದೇ ಗಣಿಯಲ್ಲಿ ದುಡಿದವನು. ಇಂಗ್ಲಿಷನ್ನು ಮ್ಯೂಸಿಯಂಗೆ ಬಂದವರಿಂದಲೇ ಕೇಳಿ ಕೇಳಿ ಕಲಿತಿದ್ದ.

"ನಾನು ಬಂತು ಅರವತ್ತೇಳು. ನಾನು ಹದಿನೆಂಟು ವರ್ಷ. ಕೆಳಗೆ ಹೋಯ್ತು, ಇಪ್ಪತ್ತೈದು ವರ್ಷ ಕೆಳಗೆ" ಎಂದು ಶುರುಮಾಡಿದ. ಎರಡು ವಾಕ್ಯಕ್ಕೊಮ್ಮೆ ನಿಂತು, ಎದೆಯ ತಳದಿಂದ ಏನನ್ನೋ ಕೆರೆದು ಎತ್ತುವಂತೆ ಕೆಮ್ಮುತ್ತಿದ್ದ.

ಹೆಸರಿನ ಪಟ್ಟಿ ನೋಡುತ್ತ ಅವನ ಬೆರಳು ನೆಹಿರ್‌ಳ ಹೆಸರಿನ ಮೇಲೆ ನಿಂತಿತು. ಮುಖ ಅರಳಿತು. ಟರ್ಕಿಶ್‌ನಲ್ಲಿ ಕೇಳಿದ: "ಯಾವೂರವ್ವಾ ನಿಂದು?"

"ಇಸ್ತಾಂಬುಲ್."

"ಅದು ಸರಿ. ಮೂಲ ಯಾವ ಕಡೆ?"

ನಮ್ಮವರು ಅಷ್ಟಕ್ಕೇ ಬಿಡುವುದಿಲ್ಲ. ಇಸ್ತಾಂಬುಲ್ ಎಂದವರ ಅಜ್ಜನ ಹಳ್ಳಿಯನ್ನು ಹೊರಗೆಳೆಯುವ ತನಕ ಸಮಾಧಾನವಿಲ್ಲ. ಮೂಲವೂ ಅಲ್ಲೇ ಎಂದಳು ನೆಹಿರ್. ಮುದುಕ ತನ್ನದು ಜೊಂಗುಲ್ದಾಕ್ ಪಕ್ಕದ ಕಿಲಿಮ್ಲಿ ಎಂದ, ಹೆಸರಾದರೂ ಕೇಳಿದ್ದೀಯಾ ಎಂದ. ಕಿಲಿಮ್ಲಿ ಅವಳ ಮನೆಯಿಂದ ಮಿನಿಬಸ್ಸಿನಲ್ಲಿ ಹತ್ತು ನಿಮಿಷ. ಅವಳ ಸೋದರತ್ತೆಯನ್ನು ಕೊಟ್ಟದ್ದು ಅಲ್ಲಿಗೇ. ಎಲ್ಲೋ ಕೇಳಿದ ಹಾಗಿದೆ ಎಂದಳು. ಮುಗಿದ ಮೇಲೆ ಚಹಾ ಕುಡಿದು ಹೋಗು, ನನ್ನ ಹೆಂಡತಿ ಪಾಲಕ್ ಹಾಕಿದ ಬೋರೆಕ್ ಕಟ್ಟಿಕೊಟ್ಟಿದ್ದಾಳೆ, ನಾಲ್ಕು ಜನಕ್ಕೆ ಆಗುತ್ತದೆ ಎಂದ. ಬಸ್ಸಿಗೆ ಹೊತ್ತಾಗುತ್ತದೆ ಎಂದಳು. ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು.

ನಿಜವಾದ ಸುರಂಗಗಳೆಲ್ಲ ನೀರು ತುಂಬಿ ಮುಳುಗಿಹೋಗಿವೆ. ನೋಡುವವರಿಗಾಗಿ ನೆಲದ ಮಟ್ಟದಲ್ಲೇ ಉದ್ದನೆಯ ಕತ್ತಲ ಸುರಂಗವೊಂದನ್ನು ಕಟ್ಟಿದ್ದಾರೆ. ಮುದುಕ ದೀಪ ಹಿಡಿದು ಮುಂದೆ ಹೋದ. ಉಳಿದವರು ಬಗ್ಗಿಕೊಂಡು ಹಿಂದೆ. ಕೊನೆಯಲ್ಲಿದ್ದ ಇಕೆರ್ ಮೆಲ್ಲಗೆ, "ನಾನು ಬಂತು, ನಾನು ಹೋಯ್ತು" ಎಂದು ಅಣಕಿಸಿದ. ಅಣಕ ಚೆನ್ನಾಗಿರಲಿಲ್ಲ. ಒತ್ತಾವಿಯಾ ಕೂಡ ನಗಲಿಲ್ಲ. ಅಲ್ಲಿಗೇ ಮುಗಿದುಹೋಗಬಹುದಿತ್ತು.

"ಹಾಗಲ್ಲ" ಎಂದಳು ನೆಹಿರ್.

ಯಾಕೆ ಎಂದಳೋ ದೇವರಿಗೇ ಗೊತ್ತು. ಮುದುಕನಿಗೂ ತನಗೂ ಏನೂ ಸಂಬಂಧವಿಲ್ಲವೆಂದು ತೋರಿಸಿಕೊಳ್ಳಬೇಕಿತ್ತು, ಅಷ್ಟೇ ಇರಬೇಕು. ದನಿಯನ್ನು ಗಂಟಲಿನಿಂದ ಎದೆಗಿಳಿಸಿ, "ನಾನು ಬಂತು ಅರವತ್ತೇಳು" ಎಂದಳು. ಅದು ಮುದುಕನ ದನಿಯೇ. ಇಕೆರ್ ಬಾಯಿಗೆ ಕೈ ಅಡ್ಡ ಹಿಡಿದು ಕುಲುಕಿದ. ಆಗ ಅವಳು ಕೆಮ್ಮನ್ನೂ ಸೇರಿಸಿದಳು. ಮೊದಲು ಎರಡು ಸಣ್ಣ ಕೆಮ್ಮು, ಒಂದು ಉಸಿರಿನ ಬಿಡುವು, ಆಮೇಲೆ ಕರುಳಿನಿಂದ ಬರುವ ದೊಡ್ಡದೊಂದು. ಇಬ್ಬರೂ ತಡೆಯಲಾರದೆ ಗೊಳ್ಳೆಂದು ನಕ್ಕರು. ಸುರಂಗದಲ್ಲಿ ಆ ನಗೆಯೂ ಕೆಮ್ಮೂ ಮುಂದೆ ಮುಂದೆ ಹೋದವು. ಮುಂದಿದ್ದ ದೀಪ ಒಂದು ಕ್ಷಣ ನಿಂತಿತು. ಮುದುಕ ತಿರುಗಿ ನೋಡಲಿಲ್ಲ. ಗಾಳಿ ತಳ್ಳುವ ಕೊಳವೆಗಳ ವಿವರ ಹೇಳುತ್ತ ಮತ್ತೆ ನಡೆದ.

ಕೆಮ್ಮಿದ್ದು ಮುದುಕನ ಹಾಗಲ್ಲ, ಅಪ್ಪನ ಹಾಗೆ ಎಂದು ನೆಹಿರ್‌ಗೆ ಕೆಮ್ಮಿ ಮುಗಿದ ಮೇಲೆ ಹೊಳೆದಿತ್ತು.

ಹೊರಬಾಗಿಲ ಹತ್ತಿರ ಮುದುಕ ಪಕ್ಕಕ್ಕೆ ಸರಿದು ಎಲ್ಲರನ್ನೂ ಮೊದಲು ಬಿಟ್ಟ. ಕೊನೆಯಲ್ಲಿ ತಾನು ಹೊರಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಟೋಪಿ ತೆಗೆದು ಮುಂಗೈಯಿಂದ ಹಣೆ ಒರೆಸಿಕೊಂಡ. ನೆಹಿರ್ ಬಾಗಿಲ ಪಕ್ಕದಲ್ಲೇ ನಿಂತಿದ್ದಳು. ತಾನು ಮಾತಾಡುತ್ತಿದ್ದೇನೆಂದು ಗೊತ್ತಾಗುವ ಮೊದಲೇ ಅವಳ ಬಾಯಿ ಆಡಿಬಿಟ್ಟಿತು:

"ಗೆಚ್ಮಿಷ್ ಒಲ್ಸುನ್."

ಕಷ್ಟ ಕಳೆಯಿತೆನ್ನಿಸಲಿ ಎಂದು ಅದರ ಅರ್ಥ. ಟರ್ಕಿಯಲ್ಲಿ ಎಲ್ಲೆಡೆ ಇದನ್ನು ಕಾಯಿಲೆ ಬಿದ್ದವರಿಗೆ, ಅಪಘಾತದಲ್ಲಿ ಉಳಿದವರಿಗೆ ಹೇಳುತ್ತಾರೆ. ಆದರೆ ಪಾಳಿ ಮುಗಿಸಿ ಗಣಿಯಿಂದ ಮೇಲೆ ಬಂದ ಗಟ್ಟಿಮುಟ್ಟಾದ ಗಂಡಸಿಗೂ ಹೇಳುವುದು ಜೊಂಗುಲ್ದಾಕ್‌ನವರು. ಅಲ್ಲಿ ಪ್ರತಿದಿನದ ಪಾಳಿಯೂ ಕಳೆದುಹೋದ ಒಂದು ಗಂಡಾಂತರವೇ. ನೆಹಿರ್ ಮಾತು ಕಲಿತಾಗಿನಿಂದ ಸಂಜೆ ಬಾಗಿಲು ತೆರೆದು ಅಪ್ಪನಿಗೆ ಹೇಳುತ್ತಿದ್ದ ಮೊದಲ ಮಾತು ಅದು. ಇಸ್ತಾಂಬುಲ್ ವಕೀಲನ ಮಗಳು ಸುರಂಗದಿಂದ ಹೊರಬಂದ ಮುದುಕನಿಗೆ ಹಾಗೆ ಹೇಳಲು ಸಾಧ್ಯವೇ ಇಲ್ಲ.

"ಬದುಕು ಮಗಾ" ಎಂದು ಮುದುಕ ವಾಡಿಕೆಯ ಉತ್ತರ ಕೊಟ್ಟ. ಆಮೇಲೆ ಅವಳನ್ನು ನೋಡಿದ. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಿಮ್ಮಪ್ಪ ಎಷ್ಟು ವರ್ಷದಿಂದ ಇಳೀತಾವ್ನೆ?"

"ಇಪ್ಪತ್ತೊಂದು."

"ಒಳಗೆ ನೀನು ಕೆಮ್ಮಿದಾಗ್ಲೇ ಅನ್ಕೊಂಡೆ. ಅದು ಕಲ್ತು ಬರೋ ಕೆಮ್ಮಲ್ಲ, ಕೇಳ್ತಾ ಬೆಳೆದಿರೋರಿಗೆ ಬರೋದು" ಎಂದ. ದನಿಯಲ್ಲಿ ಸಿಟ್ಟು ಸ್ವಲ್ಪವೂ ಇರಲಿಲ್ಲ. "ಎದೆ ಫೋಟೋ ತೆಗ್ಸೋಕೆ ಹೇಳು. ನಾನು ತಡ ಮಾಡ್ದೆ. ಅವನು ಮಾಡ್ದೆ ಇರ್ಲಿ."

ಕ್ಷಮಿಸಿ ಎನ್ನಬೇಕಿತ್ತು ಅವಳು. ಒಂದೇ ಮಾತು, ಅದೂ ತಾಯ್ನುಡಿಯಲ್ಲಿ, ಪಕ್ಕದವರಿಗೆ ಅರ್ಥವೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಒತ್ತಾವಿಯಾ ಹತ್ತಿರ ಬಂದು, ಇವಳು ಏನಂದಳು ಎಂದು ಮುದುಕನನ್ನು ಕೇಳಿದಳು.

ಮುದುಕ ನೆಹಿರ್‌ಳ ಮುಖ ನೋಡಿ, ತನ್ನ ಹರಕು ಇಂಗ್ಲಿಷಿಗೆ ತಿರುಗಿದ. "ಇವಳು ಥ್ಯಾಂಕ್ಸ್ ಹೇಳ್ತು. ಇಸ್ತಾಂಬುಲ್ ಹುಡುಗಿ, ತುಂಬ ಮರ್ಯಾದೆ."

ಟೋಪಿಗಳನ್ನು ಒಂದರೊಳಗೊಂದು ಪೇರಿಸಿ ಎತ್ತಿಕೊಂಡು ಒಳಗೆ ಹೋದ. ಚಹಾದ ಮಾತು ಮತ್ತೆ ಎತ್ತಲಿಲ್ಲ.

ಬಸ್ಸಿನ ಹಿಂದಿನ ಸೀಟಿನಲ್ಲಿ ಇಕೆರ್ ಫೋನು ಹಿಡಿದು, ಮುದುಕನ ದನಿ ಇನ್ನೊಂದು ಸಲ ಮಾಡು, ಹಾಸ್ಟೆಲಿನವರಿಗೆ ತೋರಿಸೋಣ ಎಂದ. ನೆಹಿರ್ ಕಿಟಕಿಯ ಕಡೆ ತಿರುಗಿದಳು. ಅವನು ಬಿಡಲಿಲ್ಲ.

"ಅದು ನಮ್ಮಪ್ಪನ ಕೆಮ್ಮು" ಎಂದಳು.

ಇಬ್ಬರೂ ಸುರಂಗದಲ್ಲಿ ನಕ್ಕಿದ್ದಕ್ಕಿಂತ ಜೋರಾಗಿ ನಕ್ಕರು. ಕೋರ್ಟಿನಲ್ಲಿ ಜಡ್ಜಿನ ಮುಂದೆಯೂ ಹೀಗೇ ಕೆಮ್ಮುತ್ತಾರೋ ಎಂದು ಇಕೆರ್ ಕೇಳಿದ. ನೆಹಿರ್ ನಗು ಮುಗಿಯುವವರೆಗೆ ಕಾದಳು. ಆಮೇಲೆ ಜೊಂಗುಲ್ದಾಕ್ ಎಂದಳು, ಗಣಿ ಎಂದಳು, ವಕೀಲ ಎನ್ನುವವನು ಯಾರೂ ಇಲ್ಲ ಎಂದಳು. ಮುದುಕನ ಊರಿಗೂ ತನ್ನ ಊರಿಗೂ ಹತ್ತು ನಿಮಿಷದ ದಾರಿಯೆಂದೂ ಹೇಳಿದಳು. ಈಗ ತನ್ನನ್ನು ದೂರವಿಡುತ್ತಾರೆ ಎಂದುಕೊಂಡು ಮಡಿಲಲ್ಲಿದ್ದ ಚೀಲವನ್ನು ಬಿಗಿಯಾಗಿ ಹಿಡಿದು ಕೂತಳು.

ಇಕೆರ್ ಫೋನನ್ನು ಜೇಬಿಗಿಳಿಸಿದ. ತನ್ನ ಅಜ್ಜನೂ ಗಣಿಯವನೇ, ಅಸ್ತೂರಿಯಾಸ್ ಕಡೆಯವನು, ಇದರಲ್ಲಿ ಮುಚ್ಚಿಡುವುದೇನಿದೆ ಎಂದ. ನಿಜಕ್ಕೂ ಅರ್ಥವಾಗದವನ ಹಾಗಿತ್ತು ಅವನ ದನಿ. ಇಷ್ಟು ತಿಂಗಳು ಅವಳು ಜೀವ ಹಿಡಿದು ಕಾಯ್ದ ಸುಳ್ಳು ಯಾರಿಗೂ ಬೇಕಾಗಿಯೇ ಇರಲಿಲ್ಲ.

ಒತ್ತಾವಿಯಾ ಮಾತ್ರ ಅವಳನ್ನೇ ನೋಡುತ್ತಿದ್ದಳು.

"ನಮ್ಗೆ ಸುಳ್ಳು ಹೇಳಿದ್ದು ಹೋಗ್ಲಿ ಬಿಡು, ನಾವ್ಯಾರು? ಆ ಅಜ್ಜ ನಿನ್ನ ಹೆಸರು ನೋಡಿ ಎಷ್ಟು ಖುಷಿಯಾದ್ರು. ಅವ್ರಿಗೆ ಯಾಕೆ ಸುಳ್ಳು ಹೇಳ್ದೆ?"